ಮೊಸರಿನ ಬದಲಿಗೆ: ನಾಲ್ಕು ಪಾತ್ರೆ, ಒಬ್ಬರು ಅತ್ತೆ

ಮಂಗಳೂರಿನ ಅಡುಗೆಮನೆಯಲ್ಲಿ ವೀಗನ್ ಆಗುವ, ಅಂದರೆ ಹಾಲು-ತುಪ್ಪವನ್ನೂ ಬಿಡುವ ಕೆಲಸ ಅರ್ಧ ಮೊದಲೇ ಮುಗಿದಿರುತ್ತದೆ. ನೀರುದೋಸೆ, ಪುಂಡಿ, ಪತ್ರೊಡೆ, ಕಡ್ಲೆ-ಮನೋಳಿ ಪಲ್ಯ, ಹುರುಳಿ ಸಾರು. ಇದರಲ್ಲೆಲ್ಲ ಹಾಲು ಎಲ್ಲಿದೆ? ಕಡ್ಲೆಬೇಳೆ ಪಾಯಸಕ್ಕೂ ನಾವು ಹಾಕುವುದು ತೆಂಗಿನ ಹಾಲನ್ನೇ. ತುಪ್ಪದ ಜಾಗಕ್ಕೆ ತೆಂಗಿನೆಣ್ಣೆ ಬಂದರೆ ಯಾರೂ ಕೇಳುವುದಿಲ್ಲ.

ಕಷ್ಟ ಶುರುವಾಗುವುದು ಮೊಸರಿನ ಹತ್ತಿರ.

ನಾನು ಹಾಲು ಬಿಟ್ಟು ಎರಡು ವರ್ಷ ಆಯಿತು. ಮನೆಯಲ್ಲಿ ಉಳಿದವರು ಬಿಟ್ಟಿಲ್ಲ, ಬಿಡಿ ಅಂತ ನಾನು ಹೇಳಿಯೂ ಇಲ್ಲ. ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಪೂರ್ತಿ ನಾಲ್ಕು ಬಗೆಯ ಮೊಸರು ಮಾಡಿ ನೋಡಿದೆ: ತೆಂಗಿನ ಹಾಲಿನದ್ದು, ಗೇರುಬೀಜದ್ದು, ಸೋಯಾದ್ದು, ನೆಲಕಡಲೆಯದ್ದು. ಮೊದಲ ದಿನ ನಾಲ್ಕನ್ನೂ ಬಟ್ಟಲಿಗೆ ಹಾಕಿ ಅತ್ತೆಯ ಮುಂದೆ ಸಾಲಾಗಿ ಇಟ್ಟೆ. ಅವರು ಒಂದೊಂದು ಚಮಚ ಬಾಯಿಗೆ ಹಾಕಿಕೊಂಡು, "ಇದು ಯಾವುದೂ ಮೊಸರಲ್ಲ ಮಾರಾಯ್ತಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮಜ್ಜಿಗೆ ಹುಳಿಗೆ ಹಾಕಿದ್ರೆ ಎಂತ ಆಗ್ತದೆ?" ಅಂತ ಕೇಳಿದರು. ಆ ಪ್ರಶ್ನೆ ಕೇಳಿದ ಮೇಲೆ ಚಮಚದಲ್ಲಿ ರುಚಿ ನೋಡಿ ಅಂಕ ಕೊಡುವುದನ್ನು ಬಿಟ್ಟೆ. ಒಂದೊಂದನ್ನೂ ಅಡುಗೆಗೆ ಹಾಕಿಯೇ ನೋಡಿದೆ.

ಹೆಪ್ಪಿನ ವಿಷಯ ಮೊದಲು ಹೇಳುತ್ತೇನೆ. ಹಾಲಿನ ಮೊಸರಿನ ಹೆಪ್ಪು ಹಾಕುವ ಹಾಗಿಲ್ಲ, ಅಲ್ವಾ? ನಾನು ಬಳಸಿದ್ದು ಕಾಯಿಮೆಣಸಿನ (ಹಸಿಮೆಣಸಿನಕಾಯಿಯ) ತೊಟ್ಟು. ಕುದಿಸಿ ಉಗುರುಬೆಚ್ಚಗೆ ಆರಿಸಿದ ನೆಲಕಡಲೆ ಹಾಲಿಗೆ ಏಳೆಂಟು ತೊಟ್ಟು. ತೊಟ್ಟಿನ ಮೇಲಿರುವ ಬ್ಯಾಕ್ಟೀರಿಯಾವೇ ಹುಳಿ ಬರಿಸುತ್ತದೆ. ಮೊದಲ ಸಲದ್ದು ನೀರುನೀರಾಗಿ, ಮೆಣಸಿನ ವಾಸನೆ ಹೊಡೆಯುತ್ತಾ ಇರುತ್ತದೆ. ಅದನ್ನು ತಿನ್ನಬೇಡಿ. ಎರಡು ಚಮಚ ತೆಗೆದು ಮುಂದಿನ ಪಾತ್ರೆಗೆ ಹೆಪ್ಪು ಹಾಕಿ, ಎರಡನೆಯದು ಸರಿಯಾಗುತ್ತದೆ. ಏಪ್ರಿಲ್ ಸೆಕೆಯಲ್ಲಿ ನಮ್ಮ ಮನೆಯಲ್ಲಿ 6 ಗಂಟೆ ಸಾಕಾಯಿತು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ 12 ಗಂಟೆ ಬೇಕಾಯಿತು, ಅದೂ ಪಾತ್ರೆಯನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟು.

ತೆಂಗಿನ ಹಾಲಿನ ಮೇಲೆ ನನಗೆ ಜಾಸ್ತಿ ಆಸೆ ಇತ್ತು. ಕಾಯಿ ಮನೆಯದ್ದೇ, ಖರ್ಚಿಲ್ಲ. ಆದರೆ ಬೆಳಗ್ಗೆ ನೋಡಿದರೆ ಮೇಲೆ ಕೊಬ್ಬಿನ ಗಟ್ಟಿ ಪದರ, ಕೆಳಗೆ ನೀರು. ಹಾಲು ಮೊಸರಾಗುವುದು ಅದರ ಪ್ರೊಟೀನ್ ಹುಳಿಗೆ ಗಟ್ಟಿಯಾಗುವುದರಿಂದ. ತೆಂಗಿನ ಹಾಲಿನಲ್ಲಿ ಪ್ರೊಟೀನ್ ತೀರಾ ಕಡಿಮೆ, ಇರುವುದೆಲ್ಲ ಕೊಬ್ಬು. ಒಂದು ಚಮಚ ಅಕ್ಕಿಹಿಟ್ಟು ಕದಡಿ ಕುದಿಸಿದರೆ ಒಂದಾಗಿ ನಿಲ್ಲುತ್ತದೆ, ಆಗ ಅದು ಮೊಸರಿಗಿಂತ ಗಂಜಿಗೆ ಹತ್ತಿರ. ಮಜ್ಜಿಗೆ ಹುಳಿಗೆ ಹಾಕಿದೆ. ಮಸಾಲೆಯಲ್ಲಿ ಮೊದಲೇ ಕಾಯಿ ಇದೆ, ಮೇಲೆ ಮತ್ತೆ ಕಾಯಿ. ಮಂಗಳೂರು ಸೌತೆಯ ರುಚಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆದರೆ ಅದೇ ಮೊಸರು ಒಂದೆಲಗದ ತಂಬುಳಿಯಲ್ಲಿ ಗೆದ್ದಿತು. ತಂಬುಳಿಗೆ ಹೇಗೂ ಕಾಯಿ, ಜೀರಿಗೆ, ಕಾಳುಮೆಣಸು ಅರೆಯುತ್ತೇವೆ, ಮತ್ತೆ ಕುದಿಸುವುದಿಲ್ಲ. ಅದರಲ್ಲಿ ತೆಂಗಿನ ಮೊಸರು ಸುಮ್ನೆ ಕರಗಿಹೋಗುತ್ತದೆ. ಅತ್ತೆಗೆ ಹೇಳದೆ ಬಡಿಸಿದ್ದೆ, ಅವರು ಕೇಳಲೂ ಇಲ್ಲ. ದಿನಾ ತಿನ್ನಲು ಮಾತ್ರ ಇದು ಬೇಡ. ತೆಂಗಿನ ಕೊಬ್ಬಿನಲ್ಲಿ ಹೆಚ್ಚಿನ ಪಾಲು ಸ್ಯಾಚುರೇಟೆಡ್, ಅಂದರೆ ಜಾಸ್ತಿಯಾದರೆ ಹೃದಯಕ್ಕೆ ಒಳ್ಳೆಯದಲ್ಲದ ಬಗೆಯದ್ದು.

ಗೇರುಬೀಜದ್ದು ಬರೇ ರುಚಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲೆ. ನಾಲ್ಕು ಗಂಟೆ ನೆನೆಸಿ, ನುಣ್ಣಗೆ ಅರೆದು, ಕೈಯಾಡಿಸುತ್ತಾ ಕುದಿಸಿದರೆ ತಾನೇ ದಪ್ಪವಾಗುತ್ತದೆ, ಸೋಸುವ ಗೋಜಿಲ್ಲ. ಮೊಸರನ್ನಕ್ಕೆ ಸಾಸಿವೆ, ಶುಂಠಿ, ಕರಿಬೇವಿನಸೊಪ್ಪಿನ ಒಗ್ಗರಣೆ ಹಾಕಿದರೆ ನೆಂಟರಿಗೂ ಬಡಿಸಬಹುದು. ಆದರೆ ನಮ್ಮ ಊರಿನದೇ ಬೆಳೆಯಾದರೂ ರೇಟು ನಮ್ಮದಲ್ಲ. ತುಂಡು ಬೀಜ ತಂದರೂ ವಾರಕ್ಕೆ ಎರಡು ಸಲ ಮಾಡುವಂಥದ್ದಲ್ಲ. ಮೈದಾಕ್ಕೆ ಮೊಸರು ಕಲಸಿ ಕರಿಯುವ ಗೋಳಿಬಜೆಗೆ ಒಮ್ಮೆ ಹಾಕಿದ್ದೆ. ದುಡ್ಡು ಎಣ್ಣೆಯಲ್ಲಿ ಕರಿದ ಹಾಗಾಯಿತು.

ಸೋಯಾ ಬಗ್ಗೆ ಡಾಕ್ಟರು, ಪುಸ್ತಕ, ಎಲ್ಲರೂ ಒಳ್ಳೆಯದೇ ಹೇಳುತ್ತಾರೆ. 100 ಗ್ರಾಂ ಒಣ ಕಾಳಿನಲ್ಲಿ ಸುಮಾರು 36 ಗ್ರಾಂ ಪ್ರೊಟೀನ್. ನಾಲ್ಕರಲ್ಲಿ ಚಾಕು ಇಟ್ಟು ಕತ್ತರಿಸುವಷ್ಟು ಗಟ್ಟಿಯಾಗಿ ಹೆಪ್ಪಾದದ್ದು ಇದೊಂದೇ. ಆದರೆ ವಾಸನೆ! ತಣ್ಣೀರಿನಲ್ಲಿ ಅರೆದರೆ ಹಸಿ ಕಾಳಿನ ವಾಸನೆ ಮನೆಯಿಡೀ. ರಾತ್ರಿ ನೆನೆಸಿ, ಸಿಪ್ಪೆ ತೆಗೆದು, ಕುದಿಯುವ ನೀರು ಹಾಕಿಯೇ ಅರೆಯಬೇಕು, ಆಗ ವಾಸನೆ ಅರ್ಧಕ್ಕೆ ಇಳಿಯುತ್ತದೆ. ಆಮೇಲೆ 20 ನಿಮಿಷ ಕುದಿಸಬೇಕು, ಯಾಕೆಂದರೆ ಹಸಿ ಸೋಯಾದಲ್ಲಿ ಪ್ರೊಟೀನ್ ಜೀರ್ಣವಾಗದ ಹಾಗೆ ತಡೆಯುವ ಅಂಶ ಇದೆ. ನೊರೆ ಉಕ್ಕಿ ನನ್ನ ಒಲೆ ಎರಡು ಸಲ ನಂದಿತು. ಮಜ್ಜಿಗೆ ಹುಳಿಯಲ್ಲಿ ಒಂದು ಕುದಿ ಬಂದದ್ದೇ ತಡ, ಒಡೆದು ಪುಡಿಪುಡಿ. ಒಂದು ತಿಂಗಳು ಹಟ ಹಿಡಿದು ಮಾಡಿದೆ, ಆಮೇಲೆ ಬಿಟ್ಟೆ.

ಪೇಟೆಯ ಡಬ್ಬಿಯದ್ದೂ ಒಂದು ತರಿಸಿದ್ದೆ. ಸಿಹಿ. ಅಷ್ಟೇ.

ನೆಲಕಡಲೆ ಮೊಸರು ಬಟ್ಟಲಲ್ಲಿ ಚಂದ ಕಾಣುವುದಿಲ್ಲ. ಬಣ್ಣ ಸ್ವಲ್ಪ ಮಂಕು, ಬಾಯಿಗಿಟ್ಟರೆ ಕಡಲೆಯ ನೆನಪು. ಮೊದಲ ದಿನ ನಾನೇ ಇದನ್ನು ಕೊನೆಗೆ ಇಟ್ಟಿದ್ದೆ. ಈಗ ಫ್ರಿಜ್ಜಿನಲ್ಲಿ ಇರುವುದು ಇದೇ. ಒಂದು ಲೋಟ ನೆಲಕಡಲೆ ಏಳೆಂಟು ಗಂಟೆ ನೆನೆಸಿ, ಸಿಪ್ಪೆ ಉಜ್ಜಿ ತೆಗೆಯಿರಿ. ಸಿಪ್ಪೆ ಉಳಿದರೆ ಒಗರು. ನಾಲ್ಕು ಲೋಟ ನೀರಿನಲ್ಲಿ ಅರೆದು ಬಟ್ಟೆಯಲ್ಲಿ ಸೋಸಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ತಳ ಹಿಡಿಯುತ್ತದೆ, ಸೌಟು ಬಿಟ್ಟು ಹೋಗಬೇಡಿ. ಸೋಸಿ ಉಳಿದ ಹಿಂಡಿಯನ್ನು ನಾನು ಚಟ್ನಿಗೆ ಸೇರಿಸುತ್ತೇನೆ.

ಮಜ್ಜಿಗೆ ಹುಳಿಯಲ್ಲಿ ಇದು ಒಡೆಯಲಿಲ್ಲ. ಉಲ್ಟಾ ಸ್ವಲ್ಪ ದಪ್ಪವಾಯಿತು. ಕಾಯಿ, ಕಾಯಿಮೆಣಸು, ಜೀರಿಗೆಯ ಮಸಾಲೆ ಸೇರಿದ ಮೇಲೆ ಕಡಲೆಯ ವಾಸನೆ ಹುಡುಕಿದರೂ ಸಿಗಲಿಲ್ಲ. ಗೋಳಿಬಜೆಗೂ ಇದೇ ಸರಿ, ಆದರೆ ಎರಡು ದಿನ ಹೊರಗಿಟ್ಟು ಚೆನ್ನಾಗಿ ಹುಳಿ ಬರಿಸಬೇಕು. ಬಜೆ ಉಬ್ಬುವುದು ಸೋಡಾ ಹುಳಿಗೆ ಸೇರಿದಾಗ ಹುಟ್ಟುವ ಗಾಳಿಯಿಂದ. ಹುಳಿ ಸಾಲದಿದ್ದರೆ ಬಜೆ ಕಲ್ಲು, ಬಾಯಲ್ಲಿ ಸೋಡಾದ ರುಚಿ ಬೇರೆ. ತೆಂಗಿನ ಮೊಸರಿನಲ್ಲಿ ನನಗೆ ಆದದ್ದು ಅದೇ, ಲಿಂಬೆ ಹಿಂಡಿದರೂ ಅಷ್ಟಕ್ಕಷ್ಟೆ. ನೆಲಕಡಲೆ ಮೊಸರಿನ ಬನ್ಸ್ ಕೂಡ ಚೆನ್ನಾಗಿ ಉಬ್ಬಿತು. ಬಾಳೆಹಣ್ಣಿನ ಪರಿಮಳದ ಮುಂದೆ ಉಳಿದದ್ದು ಯಾರಿಗೆ ಗೊತ್ತಾಗುತ್ತದೆ? ಖರ್ಚೂ ಗೇರುಬೀಜದ ಕಾಲು ಭಾಗ ಇಲ್ಲ.

ಆರೋಗ್ಯದ ಲೆಕ್ಕದಲ್ಲಿ ಒಂದು ಮಾತು. ಮನೆಯಲ್ಲಿ ಮಾಡಿದ ಈ ನಾಲ್ಕರಲ್ಲಿ ಯಾವುದೂ ಹಾಲಿನ ಮೊಸರಿನಷ್ಟು ಕ್ಯಾಲ್ಸಿಯಂ ಕೊಡುವುದಿಲ್ಲ. ಅದಕ್ಕೆ ನಾನು ರಾಗಿ ಮತ್ತು ಎಳ್ಳನ್ನು ನೆಚ್ಚಿಕೊಂಡಿದ್ದೇನೆ. ಬಿ12 ವಿಟಮಿನ್ ಗಿಡದ ಆಹಾರದಲ್ಲಿ ನೆಚ್ಚುವಷ್ಟು ಸಿಗುವುದಿಲ್ಲ, ಮಾತ್ರೆ ಬೇಕೇ ಬೇಕು. ಈ ವಿಷಯದಲ್ಲಿ ಸೊಪ್ಪು ತಿಂದರೆ ಸಾಕು ಅಂತ ಹೇಳುವವರ ಮಾತು ಕೇಳಬೇಡಿ.

ಕುಡಿಯುವ ಮಜ್ಜಿಗೆಯಲ್ಲಿ ನಾಲ್ಕೂ ಸೋತವು. ನೀರು ಬೆರೆಸಿದ ಕೂಡಲೇ ಮೈ ಕಳೆದುಕೊಂಡು, ಕಾಳು ತೊಳೆದ ನೀರಿನ ಹಾಗೆ. ಆ ಜಾಗಕ್ಕೆ ಕೊನೆಗೆ ಬಂದದ್ದು ಮೊಸರೇ ಅಲ್ಲದ ಒಂದು, ಕೊಂಕಣಿಯವರ ಮನೆಯ ಪುನರ್ಪುಳಿ (ಕೋಕಂ) ಕಡಿ. ಎಂಟು-ಹತ್ತು ಒಣ ಸಿಪ್ಪೆಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಕಿವುಚಿ, ತೆಳು ತೆಂಗಿನ ಹಾಲು, ಉಪ್ಪು, ಜಜ್ಜಿದ ಕಾಯಿಮೆಣಸು ಸೇರಿಸಿ. ಬೇಕಿದ್ದರೆ ಬೆಳ್ಳುಳ್ಳಿ ಒಗ್ಗರಣೆ. ಅತ್ತೆ ಇದನ್ನು ಎರಡು ಲೋಟ ಕುಡಿದರು, ಮಜ್ಜಿಗೆಯ ಮಾತು ಎತ್ತಲಿಲ್ಲ. ಮಧ್ಯಾಹ್ನ ಮಾಡಿದ್ದನ್ನು ರಾತ್ರಿಯೊಳಗೆ ಮುಗಿಸಿ, ತೆಂಗಿನ ಹಾಲು ಸೆಕೆಗೆ ಬೇಗ ಹಾಳಾಗುತ್ತದೆ.