ಠಾಣೆಯ ಗೇಟಿನಲ್ಲೇ ಸಿಗುವ ವಕೀಲರ ಬಗ್ಗೆ ಎಚ್ಚರ

ಮನೆಯ ಹುಡುಗನನ್ನು ಪೊಲೀಸರು ಕರೆದೊಯ್ದ ರಾತ್ರಿ ಠಾಣೆಯ ಹೊರಗೆ ನಿಂತಿದ್ದರೆ ಒಬ್ಬ ಮನುಷ್ಯ ತಾನಾಗಿಯೇ ನಿಮ್ಮ ಬಳಿಗೆ ಬರುತ್ತಾನೆ. ಒಳಗಿರುವ ಎಲ್ಲರ ಹೆಸರೂ ಅವನಿಗೆ ಗೊತ್ತಿರುತ್ತದೆ. ಕುಡಿಯಲು ನೀರು ತರಿಸಿಕೊಡುತ್ತಾನೆ, ‘ಹೆದರಬೇಡಿ ಅಮ್ಮ, ನಮ್ಮದೇ ಲಾಯರ್ ಇದ್ದಾರೆ’ ಎನ್ನುತ್ತಾನೆ. ಆ ಹೊತ್ತಿಗೆ ದೇವರೇ ಕಳುಹಿಸಿದವನಂತೆ ಕಾಣುತ್ತಾನೆ. ಅವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಅವನು ಚಾಚಿದ ಕಾಗದಕ್ಕೆ ಸಹಿಯನ್ನೂ ಹಾಕಬೇಡಿ. ಯಾಕೆ ಎನ್ನುವುದನ್ನು ತುಸು ವಿವರವಾಗಿಯೇ ಬರೆಯುತ್ತೇನೆ.

ನನ್ನ ತಂಗಿ ಉಡುಪಿಯ ಹತ್ತಿರದ ಹಳ್ಳಿಯವಳು. ಗಂಡ ಇಲ್ಲ, ಬೀಡಿ ಕಟ್ಟಿ ಮಗನನ್ನು ಓದಿಸಿದವಳು. ಆ ಮಗ, ನನ್ನ ಸೋದರಳಿಯ, ಮಂಗಳೂರಿನಲ್ಲಿ ಒಬ್ಬ ವ್ಯಾಪಾರಿಯ ಕಾರು ಓಡಿಸುತ್ತಿದ್ದ. ಆ ಮನೆಯಲ್ಲಿ ಚಿನ್ನ ಕಾಣೆಯಾಯಿತು. ಮನೆಯೊಳಗೆ ಓಡಾಡುವ ಕೆಲಸದವನ ಮೇಲೆಯೇ ಮೊದಲು ಅನುಮಾನ ಬಂದಿತು. ವಿಚಾರಣೆಗೆಂದು ಕರೆದೊಯ್ದವರು ಕಾಗದದಲ್ಲಿ ಬಂಧನವನ್ನು ತೋರಿಸಿದ್ದು ಆಮೇಲೆ. ನಡುವಿನ ಅವಧಿಯಲ್ಲಿ ಅವನು ಎಲ್ಲಿದ್ದ ಎಂಬುದಕ್ಕೆ ದಾಖಲೆಯೇ ಇಲ್ಲ. ಅಂಗಾಲಿಗೆ ಹೊಡೆದಿದ್ದರು. ಅವನು ಕದ್ದನೇ ಇಲ್ಲವೇ ಎಂಬುದನ್ನು ನ್ಯಾಯಾಲಯ ಹೇಳಲಿದೆ, ಮೊಕದ್ದಮೆ ಇನ್ನೂ ನಡೆಯುತ್ತಿದೆ. ನಾನು ಬರೆಯುತ್ತಿರುವುದು ಅವನಿಗಾಗಿ ನಿಂತವರೆಂದು ಹೇಳಿಕೊಂಡವರ ಬಗ್ಗೆ.

ನನಗೆ ಸುದ್ದಿ ಬರುವ ಹೊತ್ತಿಗೆ ತಂಗಿ ಸೊಸೈಟಿಯಲ್ಲಿ ಬಳೆ ಅಡವಿಟ್ಟು 25,000 ರೂಪಾಯಿಯನ್ನು ನಗದಾಗಿ, ಠಾಣೆಯ ಗೇಟಿನಲ್ಲಿ ಸಿಕ್ಕ ಅಂಥದೇ ಒಬ್ಬ ಮಧ್ಯವರ್ತಿಯ ಕೈಗೆ ಹಾಕಿಯಾಗಿತ್ತು. ರಶೀದಿ ಇಲ್ಲ. ಬ್ಯಾಂಕಿನ ಮೂಲಕ ಕೊಡುತ್ತೇನೆ ಎಂದರೆ ‘ಮೇಲಿನವರಿಗೆ ತಲುಪಿಸುವ ಹಣ, ಅದಕ್ಕೆಲ್ಲ ಲೆಕ್ಕ ಇರುವುದಿಲ್ಲ’ ಎಂದನಂತೆ. ಬದುಕಿಡೀ ಅಂಚೆ ಕಚೇರಿಯ ಕೌಂಟರಿನಲ್ಲಿ ಕುಳಿತು ಎರಡು ರೂಪಾಯಿಗೂ ಮುದ್ರೆ ಒತ್ತಿಕೊಟ್ಟ ನನಗೆ ಆ ಮಾತು ಕೇಳಿದಾಗಲೇ ಮೈ ಉರಿಯಿತು. ‘ನ್ಯಾಯಾಧೀಶರಿಗೆ ಕೊಡಬೇಕು’ ಎಂದು ಯಾರಾದರೂ ಹಣ ಕೇಳಿದರೆ ಅದು ಎಲ್ಲಿಗೂ ತಲುಪುವುದಿಲ್ಲ, ಕೇಳಿದವನ ಜೇಬಿನಲ್ಲೇ ಉಳಿಯುತ್ತದೆ.

ಹಣ ಹೋದದ್ದು ಸಣ್ಣ ನಷ್ಟ. ದೊಡ್ಡ ನಷ್ಟ ಆದದ್ದು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದ ದಿನ. ಮೊದಲ ಬಾರಿ ಆರೋಪಿಯನ್ನು ತಂದಾಗ ಮ್ಯಾಜಿಸ್ಟ್ರೇಟರು ಅವನನ್ನೇ ಕೇಳುತ್ತಾರೆ: ಪೊಲೀಸರು ಹಿಂಸೆ ಕೊಟ್ಟರೇ? ವಕೀಲರು ಇದ್ದಾರೆಯೇ? ಆ ಉತ್ತರ ದಾಖಲೆಗೆ ಹೋಗುತ್ತದೆ. ಅದಕ್ಕೆ ಸ್ವಲ್ಪ ಮುಂಚೆ ವರಾಂಡದಲ್ಲಿ ಮಧ್ಯವರ್ತಿ ಕರೆತಂದ ವಕೀಲರು ನನ್ನ ಅಳಿಯನ ಕಿವಿಯಲ್ಲಿ ಹೇಳಿದ್ದಿಷ್ಟು: ‘ಹೊಡೆದಿಲ್ಲ ಎನ್ನು. ಹೊಡೆದರು ಎಂದರೆ ಪೊಲೀಸರು ಜಾಮೀನಿಗೆ ಅಡ್ಡಬರುತ್ತಾರೆ.’ ಹುಡುಗ ಹಾಗೆಯೇ ಹೇಳಿದ. ಸರಿಯಾಗಿ ಕಾಲೂರಲೂ ಆಗದವನು, ‘ಏನೂ ದೂರು ಇಲ್ಲ’ ಎಂಬ ಸಾಲಿಗೆ ತಾನೇ ಸಾಕ್ಷಿಯಾದ.

ನಂತರ ಯಾರ ಬಳಿ ಹೋದರೂ ಈ ಒಂದು ಸಾಲು ನಮಗಿಂತ ಮುಂಚೆ ಅಲ್ಲಿಗೆ ತಲುಪಿರುತ್ತಿತ್ತು. ಪೊಲೀಸರ ಮೇಲೆ ಹೂಡುವ ಯಾವುದೇ ಪ್ರಕರಣದಲ್ಲಿ ಎದುರು ಪಕ್ಷ ಮೊದಲು ತೆಗೆದು ತೋರಿಸುವುದು ಅದನ್ನೇ. ಹೊಡೆದದ್ದನ್ನು ಹೇಳಿದರೆ ಜಾಮೀನು ಸಿಗುವುದಿಲ್ಲ ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಹಾಗೆ ಹೇಳಿಕೊಡುವ ವಕೀಲರು ಆ ಹೊತ್ತಿನಲ್ಲಿ ಯಾರ ಕೆಲಸ ಮಾಡುತ್ತಿದ್ದಾರೆ ಎಂದು ನೀವೇ ಯೋಚಿಸಿ.

ವೈದ್ಯಕೀಯ ತಪಾಸಣೆಯ ಕತೆಯೂ ಅಷ್ಟೇ. ಬಂಧಿಸಿದ ಕೂಡಲೇ ಸರ್ಕಾರಿ ವೈದ್ಯರಿಂದ ತಪಾಸಣೆ ಆಗಬೇಕು, ಗಾಯದ ಗುರುತುಗಳನ್ನು ಬರೆಯಬೇಕು, ವರದಿಯ ಪ್ರತಿಯನ್ನು ಬಂಧಿತನಿಗೆ ಅಥವಾ ಅವನು ಸೂಚಿಸಿದವರಿಗೆ ಕೊಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ವಕೀಲರು ಆ ಪ್ರತಿಯನ್ನು ಕೇಳಲೇ ಇಲ್ಲ. ಕೊನೆಗೆ ಕೈಗೆ ಸಿಕ್ಕಿದ್ದು ಜೈಲಿಗೆ ಸೇರಿಸಿಕೊಳ್ಳುವಾಗ ಅಲ್ಲಿಯ ವೈದ್ಯರು ಬರೆದಿಟ್ಟ ಟಿಪ್ಪಣಿ: ಎರಡೂ ಅಂಗಾಲುಗಳಲ್ಲಿ ಊತ. ಇವತ್ತು ನಮ್ಮ ದೂರಿಗೆ ಆಧಾರ ಎಂದು ಏನಾದರೂ ಇದ್ದರೆ ಅದೊಂದೇ. ಅದನ್ನು ಬರೆದ ವೈದ್ಯರು ಯಾರೋ ನನಗೆ ಗೊತ್ತಿಲ್ಲ, ಚೆನ್ನಾಗಿರಲಿ.

ಇನ್ನು ಜಾಮೀನು. ‘ಸೆಷನ್ಸ್ ಕೋರ್ಟಿನಲ್ಲಿ ಅರ್ಜಿ ಹಾಕಿದ್ದೇವೆ, ಸರ್ಕಾರಿ ವಕೀಲರ ಆಕ್ಷೇಪಣೆಗೆ ಇಟ್ಟಿದ್ದಾರೆ’ ಎಂದು ವಾರವಾರವೂ ಉತ್ತರ ಬರುತ್ತಿತ್ತು. ಜೊತೆಗೆ ಗುಮಾಸ್ತರಿಗೆ, ಟೈಪಿಂಗಿಗೆ, ಜೆರಾಕ್ಸಿಗೆ ಎಂದು ಇನ್ನಷ್ಟು ಹಣ. ಅರ್ಜಿಯ ನಂಬರು ಕೇಳಿದರೆ ‘ನಿಮಗೆ ಅದೆಲ್ಲ ಅರ್ಥವಾಗುವುದಿಲ್ಲ’ ಎನ್ನುತ್ತಿದ್ದರು. ಸೆಷನ್ಸ್ ನ್ಯಾಯಾಲಯದಲ್ಲಿ ಜಾಮೀನು ಅರ್ಜಿ ದಾಖಲಾದರೆ ಅದಕ್ಕೊಂದು ಸಂಖ್ಯೆ ಬೀಳುತ್ತದೆ, ಪ್ರಕರಣವನ್ನು ಗುರುತಿಸುವ ಹದಿನಾರು ಅಕ್ಷರಾಂಕೆಗಳ ಸಿಎನ್‌ಆರ್ ನಂಬರು ಕೂಡ. ಇ-ಕೋರ್ಟ್ಸ್ ಜಾಲತಾಣದಲ್ಲೋ ಮೊಬೈಲ್ ಆ್ಯಪಿನಲ್ಲೋ ಕಕ್ಷಿದಾರರ ಹೆಸರು ಹಾಕಿ ಯಾರು ಬೇಕಾದರೂ ಹುಡುಕಬಹುದು, ಪೈಸೆ ಖರ್ಚಿಲ್ಲ. ನಾನು ಹುಡುಕಿದೆ. ಅಳಿಯನ ಹೆಸರಿನಲ್ಲಿ ಯಾವ ಜಾಮೀನು ಅರ್ಜಿಯೂ ಇರಲಿಲ್ಲ. ನ್ಯಾಯಾಲಯದ ಕಚೇರಿಗೆ ಹೋಗಿ ಕೇಳಿದೆ, ಅಲ್ಲಿಯೂ ಅದೇ ಉತ್ತರ.

ಆದರೆ ಅಷ್ಟರಲ್ಲಿ ಇನ್ನೊಂದು ಬಾಗಿಲು ಮುಚ್ಚಿತ್ತು, ಓದುವವರು ಇದನ್ನು ಗಮನವಿಟ್ಟು ಓದಬೇಕು. ಸಂಹಿತೆಯ 187ನೇ ಕಲಮಿನ ಪ್ರಕಾರ ಪೊಲೀಸರು ನಿಗದಿತ ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ 90 ದಿನ, ಉಳಿದವಕ್ಕೆ 60 ದಿನ. ನೌಕರನ ಕಳವಿಗೆ ಗರಿಷ್ಠ ಶಿಕ್ಷೆ ಏಳು ವರ್ಷ, ಆದ್ದರಿಂದ 60. ರಿಮಾಂಡ್ ಮಾಡಿದ, ಅಂದರೆ ಮ್ಯಾಜಿಸ್ಟ್ರೇಟರು ಕಸ್ಟಡಿಗೆ ಒಪ್ಪಿಸಿದ ದಿನವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಮಾನಿಸಿದೆ. ಆ ಗಡುವು ಮುಗಿದ ಮೇಲೆ ಪ್ರಕರಣದ ಗುಣಾವಗುಣಗಳ ಚರ್ಚೆ ಇಲ್ಲ, ಅರ್ಜಿ ಕೊಟ್ಟು ಷರತ್ತಿನಂತೆ ಜಾಮೀನು ಒದಗಿಸಿದರೆ ಬಿಡಲೇಬೇಕು. ಆದರೆ ಕೇಳಬೇಕು. ಕೇಳುವ ಮೊದಲೇ ದೋಷಾರೋಪ ಪಟ್ಟಿ ಬಂದುಬಿಟ್ಟರೆ ಹಕ್ಕು ಹೋಯಿತು. ನಮ್ಮ ಪ್ರಕರಣದಲ್ಲಿ ಗಡುವು ದಾಟಿದ ಮೇಲೆ ಪಟ್ಟಿ ಬಂದಿದೆ, ನಡುವೆ ಕೆಲವು ದಿನ ಖಾಲಿ ಇದ್ದವು. ಒಂದು ಹಾಳೆಯ ಅರ್ಜಿ ಸಾಕಿತ್ತು. ಹಾಕಲಿಲ್ಲ. ಮರೆತರೋ, ಬೇಕೆಂದೇ ಬಿಟ್ಟರೋ, ಆಣೆ ಮಾಡಿ ಹೇಳಲಾರೆ. ಠಾಣೆಯ ಮೂಲಕ ಕಕ್ಷಿದಾರರನ್ನು ಪಡೆಯುವವರು ಠಾಣೆಗೆ ಮುಜುಗರವಾಗುವ ಅರ್ಜಿ ಹಾಕುವ ಮೊದಲು ಎರಡು ಬಾರಿ ಯೋಚಿಸುತ್ತಾರೆ ಎಂಬುದು ಮಾತ್ರ ನನಗೆ ಖಚಿತ.

ವಕೀಲರನ್ನು ಬದಲಿಸಲು ಹೊರಟಾಗ ‘ಬಾಕಿ ಹಣ ಕೊಟ್ಟರೆ ಮಾತ್ರ ಎನ್‌ಒಸಿ, ಅಲ್ಲಿಯವರೆಗೆ ಫೈಲು ನನ್ನಲ್ಲೇ’ ಎಂಬ ಬೆದರಿಕೆ ಬಂದಿತು. (ಎನ್‌ಒಸಿ ಎಂದರೆ ಬೇರೆ ವಕೀಲರು ಬರಲು ಹಳಬರು ಕೊಡುವ ಒಪ್ಪಿಗೆ ಪತ್ರ.) ಶುಲ್ಕ ಬಾಕಿ ಇದೆ ಎಂದು ವಕೀಲರು ಕಕ್ಷಿದಾರನ ಕಡತವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಇದನ್ನು ನನಗೆ ತಿಳಿಸಿದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಸಿಕ್ಕ ಕಿರಿಯ ವಕೀಲೆ.

ಆ ಪ್ರಾಧಿಕಾರದ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮಲ್ಲಿ ‘ಪುಕ್ಕಟೆ ವಕೀಲ’ ಎಂದರೆ ಮೂಗು ಮುರಿಯುವವರೇ ಹೆಚ್ಚು. ಮಧ್ಯವರ್ತಿಯೂ ತಂಗಿಗೆ ‘ಸರ್ಕಾರದ ವಕೀಲರು ಸರ್ಕಾರದ ಪರವೇ ತಾನೇ’ ಎಂದು ಹೆದರಿಸಿಟ್ಟಿದ್ದ. ಅದು ಸುಳ್ಳು. ಸರ್ಕಾರಿ ಅಭಿಯೋಜಕರು ಬೇರೆ, ಕಾನೂನು ನೆರವಿನ ವಕೀಲರು ಬೇರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಬಂಧನದಲ್ಲಿರುವ ಯಾವ ವ್ಯಕ್ತಿಗಾದರೂ ಉಚಿತ ವಕೀಲರು ಸಿಗಬೇಕು, ಅವನ ಆದಾಯ ಎಷ್ಟೆಂದು ನೋಡುವಂತಿಲ್ಲ. ಮಹಿಳೆಯರಿಗೂ ಪರಿಶಿಷ್ಟರಿಗೂ ಹಾಗೆಯೇ. ಬಿಹಾರದ ಭಾಗಲ್ಪುರದಲ್ಲಿ ಪೊಲೀಸರು ಕೈದಿಗಳನ್ನು ಕುರುಡಾಗಿಸಿದ ಪ್ರಕರಣದಲ್ಲಿ, 1980ರಷ್ಟು ಹಿಂದೆಯೇ, ಮ್ಯಾಜಿಸ್ಟ್ರೇಟರ ಮುಂದೆ ಮೊದಲು ಹಾಜರುಪಡಿಸಿದ ಕ್ಷಣದಿಂದಲೇ ಈ ಹಕ್ಕು ಆರಂಭವಾಗುತ್ತದೆ, ಆರೋಪಿ ಬಾಯಿಬಿಟ್ಟು ಕೇಳಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ನೆರವಿನ ವಕೀಲರೆಲ್ಲ ಪುಣ್ಯಾತ್ಮರು ಎಂದು ನಾನು ಹೇಳುತ್ತಿಲ್ಲ. ನಮಗೆ ಸಿಕ್ಕವರ ಮೇಜಿನ ಮೇಲೆ ಕಡತಗಳು ರಾಶಿ ಬಿದ್ದಿದ್ದವು, ಫೋನಿಗೆ ಸಿಗುವುದೇ ಕಷ್ಟ. ಆದರೆ ಅವರು ಹಾಕಿದ ಅರ್ಜಿಗೆ ನಂಬರು ಇತ್ತು, ಹೇಳಿದ ದಿನವೇ ಅದು ಪಟ್ಟಿಯಲ್ಲಿ ಕಾಣಿಸಿತು, ಜಾಮೀನೂ ಸಿಕ್ಕಿತು.

ಜಾಮೀನು ಆದೇಶವಾದ ಮೇಲೆಯೂ ಅದೇ ಮಧ್ಯವರ್ತಿ ಮತ್ತೆ ಪ್ರತ್ಯಕ್ಷನಾದ. ಈ ಬಾರಿ ಬಾಡಿಗೆ ಶ್ಯೂರಿಟಿಯವರನ್ನು, ಅಂದರೆ ದುಡ್ಡಿಗೆ ಜಾಮೀನು ನಿಲ್ಲುವ ಅಪರಿಚಿತರನ್ನು, ಹಿಡಿದುಕೊಂಡು ಬಂದಿದ್ದ. ಯಾರದೋ ಪಹಣಿ, ಯಾರದೋ ಆಧಾರ್ ಕಾರ್ಡ್. ಇದು ನೇರವಾಗಿ ಅಪರಾಧ, ಸಿಕ್ಕಿಬಿದ್ದರೆ ಜಾಮೀನೂ ರದ್ದಾಗಬಹುದು. ನನ್ನ ಸ್ವಂತ ಜಾಗದ ಪಹಣಿಯನ್ನು ಕೊಟ್ಟು ಹುಡುಗನನ್ನು ಕರೆತಂದೆ.

ಹುಡುಗ ಮನೆಗೆ ಬಂದು ಸ್ವಲ್ಪ ಕಾಲದಲ್ಲೇ ಆ ವಕೀಲರ ಕಡೆಯಿಂದ ತಂಗಿಗೆ ಕರೆ. ‘ಪೊಲೀಸರ ಮೇಲೆ ಕೇಸು ಹಾಕೋಣ. ಹತ್ತು ಲಕ್ಷ ಪರಿಹಾರ ಖಂಡಿತ. ಈಗ ಖರ್ಚಿಗೆ ಸ್ವಲ್ಪ ಕೊಡಿ, ಬಂದದ್ದರಲ್ಲಿ ಮೂವತ್ತು ಪರ್ಸೆಂಟು ನಮಗೆ.’ ಹೊಡೆದಿಲ್ಲ ಎಂದು ಹೇಳಿಕೊಟ್ಟ ಬಾಯಿಯೇ ಹೊಡೆದದ್ದಕ್ಕೆ ಹತ್ತು ಲಕ್ಷ ಕೊಡಿಸುತ್ತದಂತೆ! ದೋಣಿಗೆ ತೂತು ಕೊರೆದವನೇ ನೀರೆತ್ತಲು ಕೂಲಿ ಕೇಳಿದ ಹಾಗಾಯಿತು. ಗೆದ್ದರೆ ಇಷ್ಟು ಪಾಲು ಎಂಬ ಕರಾರನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಸಾರಾಸಗಟಾಗಿ ನಿಷೇಧಿಸಿವೆ. ಹಾಗೆ ಕೇಳಿದವರು ವಕೀಲರಾಗಿದ್ದರೆ ಅದೇ ಒಂದು ದೂರಿನ ವಿಷಯ.

ಪರಿಹಾರ ಸಿಗುವುದೇ ಇಲ್ಲ ಎಂದೇನೂ ಅಲ್ಲ. ಒಡಿಶಾದಲ್ಲಿ ಪೊಲೀಸ್ ಕಸ್ಟಡಿಯಲ್ಲಿ ಮಗನನ್ನು ಕಳೆದುಕೊಂಡ ನೀಲಾಬತಿ ಬೆಹೆರಾ ಎಂಬ ತಾಯಿ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ರಿಟ್ ಅರ್ಜಿ (ಹಕ್ಕಿನ ರಕ್ಷಣೆಗೆ ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ನೇರವಾಗಿ ಹಾಕುವ ಅರ್ಜಿ) ಎಂದು ಪರಿಗಣಿಸಿ 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಕೊಡಿಸಿತು. ಆದರೆ ‘ಖಂಡಿತ’ ಎನ್ನುವವರನ್ನು ನಂಬಬೇಡಿ. ಕರ್ತವ್ಯದ ನೆಪದಲ್ಲಿ ಮಾಡಿದ ಕೃತ್ಯಕ್ಕಾಗಿ ಪೊಲೀಸರ ಮೇಲೆ ಮೊಕದ್ದಮೆ ಹೂಡಲು ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮು ಸರ್ಕಾರದ ಪೂರ್ವಾನುಮತಿಯನ್ನು ಕೇಳುತ್ತದೆ. ಅಕ್ರಮ ಬಂಧನಕ್ಕಾಗಿ ಪರಿಹಾರದ ದಾವೆ ಹೂಡಲು ಕಾಲಮಿತಿ ಒಂದು ವರ್ಷ. ಮಾನವ ಹಕ್ಕುಗಳ ಆಯೋಗವೂ ಘಟನೆ ನಡೆದು ಒಂದು ವರ್ಷ ದಾಟಿದ ದೂರನ್ನು ವಿಚಾರಿಸುವಂತಿಲ್ಲ. ರಿಟ್ ಅರ್ಜಿಗೆ ನಾವು ಕರಾವಳಿಯವರು ಘಟ್ಟ ಹತ್ತಿ ಬೆಂಗಳೂರಿಗೇ ಹೋಗಬೇಕು, ಹೈಕೋರ್ಟಿನ ಪೀಠ ಧಾರವಾಡ, ಕಲಬುರಗಿಗೆ ಬಂದರೂ ಇಲ್ಲಿಗೆ ಬಂದಿಲ್ಲ. ಆಯೋಗಕ್ಕೆ ದೂರು ಕೊಡಲು ಮಾತ್ರ ಶುಲ್ಕವೂ ಬೇಡ, ವಕೀಲರೂ ಬೇಡ. ನಾವು ಕೊಟ್ಟಿದ್ದೇವೆ. ವಕೀಲರ ವಿರುದ್ಧ ವಕೀಲರ ಕಾಯ್ದೆಯ 35ನೇ ಕಲಮಿನಡಿ ರಾಜ್ಯ ವಕೀಲರ ಪರಿಷತ್ತಿಗೂ ದೂರು ಹೋಗಿದೆ. ಎರಡರದ್ದೂ ಫಲಿತಾಂಶ ಇನ್ನೂ ಬಂದಿಲ್ಲ. ಠಾಣೆಯ ಸಿಸಿಟಿವಿ ದೃಶ್ಯ ಕೇಳಿದ್ದಕ್ಕೆ ‘ತಾಂತ್ರಿಕ ದೋಷ’ ಎಂಬ ಉತ್ತರ ಬಂದಿದೆ. ದೃಶ್ಯಗಳನ್ನು 18 ತಿಂಗಳು ಉಳಿಸುವ ವ್ಯವಸ್ಥೆ ಪ್ರತಿ ಠಾಣೆಯಲ್ಲೂ ಇರಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಆದೇಶಿಸಿದ್ದು ಆ ಯಂತ್ರಕ್ಕೆ ತಿಳಿದಿರಲಿಕ್ಕಿಲ್ಲ.

ಮಧ್ಯವರ್ತಿಯ ವಿಷಯದಲ್ಲಿ ಕಾನೂನು ಇದೆ, ಹಲ್ಲು ಸಣ್ಣದು. 2023ರ ತಿದ್ದುಪಡಿಯ ನಂತರ ಜಿಲ್ಲಾ ನ್ಯಾಯಾಧೀಶರು ನ್ಯಾಯಾಲಯದ ದಲ್ಲಾಳಿಗಳ ಪಟ್ಟಿಯನ್ನೇ ಪ್ರಕಟಿಸಬಹುದು. ಪಟ್ಟಿಯಲ್ಲಿರುವವನು ದಲ್ಲಾಳಿತನ ಮುಂದುವರಿಸಿದರೆ ಮೂರು ತಿಂಗಳವರೆಗೆ ಸಜೆ ಅಥವಾ 500 ರೂಪಾಯಿವರೆಗೆ ದಂಡ. ತಂಗಿಯ ಮೊದಲ ಕಂತಿನ ಐವತ್ತನೇ ಒಂದು ಭಾಗ ಅದು.

ಈ ಸ್ಥಿತಿ ನಿಮ್ಮ ಮನೆಗೆ ಬಂದರೆ, ಅದೇ ರಾತ್ರಿ, ಹುಡುಗನನ್ನು ಯಾವ ಠಾಣೆಯವರು ಎಷ್ಟು ಗಂಟೆಗೆ ಕರೆದೊಯ್ದರು ಎಂದು ಬರೆದು ಮಂಗಳೂರಿನಲ್ಲಾದರೆ ಪೊಲೀಸ್ ಆಯುಕ್ತರಿಗೆ, ಉಡುಪಿಯಲ್ಲಾದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಇಮೇಲ್ ಕಳುಹಿಸಿ. ಬೆಳಗ್ಗೆ ಅದೇ ಪತ್ರವನ್ನು ಸ್ಪೀಡ್ ಪೋಸ್ಟ್ ಮಾಡಿ, ರಶೀದಿಯನ್ನು ಜೋಪಾನವಾಗಿಡಿ. ಬಂಧಿಸಿದ ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕೆಂಬ ಲೆಕ್ಕವನ್ನು ಪೊಲೀಸರು ತಿದ್ದಲಾಗದಂತೆ ಮಾಡುವುದು ಆ ಅಂಚೆ ಮುದ್ರೆಯೇ. ಬಂಧನದ ಕಾರಣ ಏನೆಂದು ಕೇಳಿ, ಬಂಧನದ ಮೆಮೊದಲ್ಲಿ ಮನೆಯವರ ಸಹಿ ಹಾಕುವ ಮೊದಲು ದಿನಾಂಕ, ಸಮಯ ಸರಿಯಿದೆಯೇ ನೋಡಿ. ಹೊಡೆದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಲೇಬೇಕೆಂದು ಹುಡುಗನಿಗೆ ತಿಳಿಸಿ. ಯಾರಿಗೋ ಈಗಾಗಲೇ ವಕಾಲತ್ತು ಬರೆದುಕೊಟ್ಟಿದ್ದರೂ ಜೈಲಿನಿಂದಲೇ ಅಧೀಕ್ಷಕರ ಮೂಲಕ ನೆರವಿನ ವಕೀಲರು ಬೇಕೆಂದು ಅರ್ಜಿ ಕೊಡಬಹುದು, ನಮ್ಮ ಹುಡುಗ ಕೊಟ್ಟದ್ದು ಹಾಗೆಯೇ. ಹೊರಗಿರುವವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಅಥವಾ ನೇರವಾಗಿ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ. ಗೇಟಿನ ಬಳಿ ಯಾರಾದರೂ ‘ಆ ಕಚೇರಿ ಇವತ್ತು ಮುಚ್ಚಿದೆ’ ಎಂದರೆ ಅವರನ್ನು ದಾಟಿಕೊಂಡು ಹೋಗಿ ನೋಡಿ.