ಆಗುಂಬೆಯ ಕಪ್ಪೆ ನಡಿಗೆ: ಕಿವಿಗೆ ಸಿಕ್ಕಿದ ಜೀವವಿಕಾಸ, ಮಾತಿನಲ್ಲಿ ತಪ್ಪಿದ್ದು

ಮಳೆಗಾಲದಲ್ಲಿ ಆಗುಂಬೆಯ ಆಸುಪಾಸಿನ ಕೆಲವು ಹೋಂಸ್ಟೇಗಳು ಅತಿಥಿಗಳನ್ನು ರಾತ್ರಿ ಕಪ್ಪೆ ನೋಡಲು ಕರೆದೊಯ್ಯುತ್ತವೆ. ಅಂಥದೊಂದು ಹೋಂಸ್ಟೇ ‘ಕಪ್ಪೆಗಳ ಮೂಲಕ ಜೀವವಿಕಾಸ’ ಎಂಬ ಹೆಸರಿನಲ್ಲಿ ನಡೆಸುವ ನಡಿಗೆಯ ಬಗ್ಗೆ ಈ ವಿಮರ್ಶೆ. ಶುಲ್ಕ ತಲೆಗೆ 900 ರೂಪಾಯಿ; ಇಂಬಳದ ಕಾಲ್ಚೀಲ ಮತ್ತು ಹಿಂದಿರುಗಿದ ಮೇಲಿನ ಬಿಸಿ ಕಷಾಯ ಅದರಲ್ಲೇ ಸೇರಿದೆ.

ಮೊದಲ ಅರ್ಧ ಗಂಟೆಗೇ ಕೊಟ್ಟ ಹಣ ಸಲ್ಲುತ್ತದೆ. ಅಡಿಕೆ ತೋಟದ ಅಂಚಿನಲ್ಲಿ ಗೈಡ್ ಎಲ್ಲರ ಟಾರ್ಚುಗಳನ್ನೂ ಆರಿಸಿ, ಕೇಳಿಬರುವ ಕೂಗುಗಳನ್ನು ಬೇರೆಬೇರೆಯಾಗಿ ಗುರುತಿಸಲು ಹೇಳಿದರು. ಮೊದಲಿಗೆ ಒಂದೇ ಗದ್ದಲವೆನಿಸಿದ್ದರಲ್ಲಿ ಸ್ವಲ್ಪ ಹೊತ್ತಿಗೆ ಬಿಡಿಬಿಡಿಯಾದ ‘ಟಿಕ್ ಟಿಕ್’ ಒಂದು, ಎಡೆಬಿಡದ ಕಿರುಗುಟ್ಟುವಿಕೆ ಇನ್ನೊಂದು ಎಂದು ತಿಳಿಯತೊಡಗಿತು. ಬಳಿಕ ಟಾರ್ಚಿನ ಬೆಳಕು ಬಿದ್ದದ್ದು ಏಲಕ್ಕಿ ಎಲೆಯೊಂದರ ಮೇಲೆ. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಗಂಡು ಪೊದೆಗಪ್ಪೆಯೊಂದು ಗಂಟಲ ಕೆಳಗಿನ ಪಾರದರ್ಶಕ ಚೀಲವನ್ನು ಮೈಯಷ್ಟೇ ದಪ್ಪಗೆ ಉಬ್ಬಿಸಿ ಕೂಗುತ್ತಿತ್ತು. ಪ್ರತಿ ಕೂಗಿಗೂ ಎಲೆಯ ತುದಿಯ ನೀರಹನಿ ನಡುಗುತ್ತಿತ್ತು. ಒಂದೇ ಪೊದೆಯಲ್ಲಿ ಎರಡು ಪ್ರಭೇದಗಳಿದ್ದರೂ ಹೆಣ್ಣು ತನ್ನ ಪ್ರಭೇದದ ಕೂಗಿನತ್ತ ಮಾತ್ರ ಹೋಗುವುದರಿಂದ ಅವು ಬೆರೆಯುವುದಿಲ್ಲ ಎಂದು ಗೈಡ್ ವಿವರಿಸಿದರು. ಪಠ್ಯಪುಸ್ತಕ ‘ಸಂತಾನೋತ್ಪತ್ತಿಯ ಪ್ರತ್ಯೇಕತೆ’ ಎಂದು ಒಂದು ಸಾಲಿನಲ್ಲಿ ದಾಟಿಸಿಬಿಡುವ ವಿಷಯವನ್ನು ಕತ್ತಲಲ್ಲಿ ನಿಲ್ಲಿಸಿ ಕೇಳಿಸಿದ್ದು ಶ್ಲಾಘನೀಯ.

ಈ ಪೊದೆಗಪ್ಪೆಗಳಿಗೆ ಗೊದಮೊಟ್ಟೆಯ ಹಂತವಿಲ್ಲ, ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆಯೇ ಹೊರಬರುತ್ತದೆ. ಕೆರೆ ತೊರೆಗಳ ಹಂಗಿಲ್ಲದ ಇವು ಪಶ್ಚಿಮ ಘಟ್ಟದ ಬೆಟ್ಟಬೆಟ್ಟಗಳಲ್ಲಿ ನೆಲೆಸಿದವು; ಸುಮಾರು 30 ಕಿಲೋಮೀಟರ್ ಅಗಲದ ಪಾಲಕ್ಕಾಡ್ ಕಣಿವೆಯಂಥ ತಗ್ಗುಗಳಿಂದ ಒಂದಕ್ಕೊಂದು ದೂರವಾದ ಗುಂಪುಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬೇರೆಬೇರೆ ವ್ಯತ್ಯಾಸಗಳು ಕೂಡುತ್ತ ಹೋಗಿ, ಅವು ಕೊನೆಗೆ ಬೇರೆಬೇರೆ ಪ್ರಭೇದಗಳಾದವು. ನಕ್ಷೆಯೊಂದನ್ನು ತೋರಿಸಿ ಗೈಡ್ ಇಷ್ಟನ್ನೂ ಸ್ಪಷ್ಟವಾಗಿಯೇ ಹೇಳಿದರು.

ಎಡವಿದ್ದು ಆಮೇಲೆ. ಶರಾವತಿ ಕಣಿವೆಯ ಕತ್ತಲೆಕಾನಿನಿಂದ 2014ರಲ್ಲಿ ವಿವರಿಸಲಾದ ಕುಂಬಾರ ಕಪ್ಪೆಯ ವಿಡಿಯೊವನ್ನು ಅವರು ಮೊಬೈಲಿನಲ್ಲಿ ತೋರಿಸಿದರು. ಅದರ ಗಂಡು ಮುಂಗಾಲುಗಳಿಂದ ಕೆಸರನ್ನು ಬಾಚಿ ತಂದು ಮೊಟ್ಟೆಗಳಿಗೆ ಮೆತ್ತುವ ದೃಶ್ಯ ನಿಜಕ್ಕೂ ಅದ್ಭುತ. ಆದರೆ ‘ಮೊಟ್ಟೆ ಒಣಗಬಾರದೆಂದು ಕಪ್ಪೆ ಈ ಉಪಾಯವನ್ನು ಕಲಿತುಕೊಂಡಿತು’ ಎಂಬ ವಿವರಣೆ ಜೀವವಿಕಾಸದ ಮೂಲತತ್ತ್ವವನ್ನೇ ತಲೆಕೆಳಗು ಮಾಡುತ್ತದೆ. ಕಪ್ಪೆಗೆ ಮುಂದಾಲೋಚನೆ ಬೇಕಿಲ್ಲ. ಹಿಂದೊಮ್ಮೆ ಗಂಡುಗಳ ವರ್ತನೆಯಲ್ಲಿ ಹುಟ್ಟಿನಿಂದಲೇ ಅಲ್ಪಸ್ವಲ್ಪ ವ್ಯತ್ಯಾಸವಿದ್ದು, ಮೊಟ್ಟೆಗೆ ಕೆಸರು ಸವರಿದವುಗಳ ಸಂತಾನ ಹೆಚ್ಚು ಉಳಿದು, ಆ ಗುಣ ಮರಿಗಳಿಗೂ ಬಂದರೆ ಸಾಕು, ಕಾಲಕ್ರಮದಲ್ಲಿ ಅದೇ ಇಡೀ ಪ್ರಭೇದದ ರೂಢಿಯಾಗುತ್ತದೆ. ವ್ಯತ್ಯಾಸ, ಆನುವಂಶೀಯತೆ, ಉಳಿವಿನಲ್ಲಿನ ಅಂತರ ಎಂಬ ಮೂರನ್ನು ಹೇಳಲು ಎರಡು ನಿಮಿಷ ಸಾಕಿತ್ತು. ಕೆಸರಿನ ಹೊದಿಕೆ ಮೊಟ್ಟೆಗಳನ್ನು ಒಣಗದಂತೆಯೂ ಶತ್ರುಗಳ ಕಣ್ಣಿಗೆ ಬೀಳದಂತೆಯೂ ಕಾಯುತ್ತಿರಬಹುದು ಎಂಬುದು ಅಂದಾಜು. ಅದನ್ನು ಸಿದ್ಧವಾದ ಸಂಗತಿಯಂತೆ ಒಪ್ಪಿಸುವುದೂ ಸರಿಯಲ್ಲ.

ಇನ್ನೊಂದು ತಪ್ಪು ಕಾಳಿಂಗ ಸರ್ಪದ ಕುರಿತಾದದ್ದು. ‘2024ರಲ್ಲಿ ನಮ್ಮ ಕಾಳಿಂಗ ಹೊಸ ಪ್ರಭೇದವಾಯಿತು’ ಎಂಬ ಮಾತು ಕೇಳಿ ಗುಂಪಿನಲ್ಲಿದ್ದ ಬಾಲಕನೊಬ್ಬ, ‘ಹಾಗಾದರೆ 2023ರಲ್ಲಿ ಅದು ಏನಾಗಿತ್ತು?’ ಎಂದು ಕೇಳಿಯೇಬಿಟ್ಟ. ಅವನಿಗೆ ಸರಿಯಾದ ಉತ್ತರ ಸಿಗಲಿಲ್ಲ. 1836ರಲ್ಲಿ ಪ್ರಾಣಿವಿಜ್ಞಾನಿ ಕ್ಯಾಂಟರ್ ವಿವರಿಸಿದಂದಿನಿಂದ ಕಾಳಿಂಗವನ್ನು ಒಂದೇ ಪ್ರಭೇದವೆಂದು ಎಣಿಸುತ್ತ ಬರಲಾಗಿತ್ತು. ವಂಶವಾಹಿಗಳನ್ನೂ ಮೈಲಕ್ಷಣಗಳನ್ನೂ ಹೋಲಿಸಿ ನೋಡಿದಾಗ ಅದರಲ್ಲಿ ನಾಲ್ಕು ಪ್ರಭೇದಗಳಿರುವುದು ಕಂಡುಬಂದು, ಪಶ್ಚಿಮ ಘಟ್ಟದ್ದಕ್ಕೆ ಓಫಿಯೋಫೇಗಸ್ ಕಾಳಿಂಗ ಎಂಬ ಹೆಸರು ಬಂತು. ಹೆಸರಿಟ್ಟದ್ದು 2024ರಲ್ಲಿ; ಘಟ್ಟದ ಹಾವುಗಳು ಉಳಿದವುಗಳಿಂದ ಬೇರ್ಪಟ್ಟು ಯುಗಗಳೇ ಕಳೆದಿವೆ. ಪ್ರಭೇದ ಹುಟ್ಟುವುದಕ್ಕೂ ವಿಜ್ಞಾನಿಗಳು ಅದನ್ನು ಗುರುತಿಸುವುದಕ್ಕೂ ಇರುವ ಅಂತರ ತಿಳಿಯದಿದ್ದರೆ, ನಡಿಗೆಯ ಶೀರ್ಷಿಕೆಯಲ್ಲಿ ‘ಜೀವವಿಕಾಸ’ ಎಂದು ಬರೆಯುವ ಮುನ್ನ ಯೋಚಿಸಬೇಕು.

ಉಳಿದಂತೆ ವ್ಯವಸ್ಥೆ ಅಚ್ಚುಕಟ್ಟು. ಸೊಳ್ಳೆ ಮುಲಾಮು ಹಚ್ಚಿಕೊಂಡವರನ್ನು ಕೈತೊಳೆಸಿಯೇ ಹೊರಡಿಸಿದರು, ಕಪ್ಪೆಯನ್ನು ಮುಟ್ಟಲು ಯಾರಿಗೂ ಬಿಡಲಿಲ್ಲ, ಫ್ಲ್ಯಾಶ್ ಬಳಸಲೂ ಅವಕಾಶ ಕೊಡಲಿಲ್ಲ. ಗುಂಪು ಮಾತ್ರ ದೊಡ್ಡದಾಗಿತ್ತು. ಹಿಂದಿನ ಸಾಲಿನವರಿಗೆ ಕಂಡದ್ದು ಹೆಚ್ಚಾಗಿ ಮುಂದಿನವರ ರೇನ್‌ಕೋಟು. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ, ಅದರಲ್ಲಿ ಹೆಚ್ಚಿನ ಪಾಲು ಆ ಮೊದಲ ಅರ್ಧ ಗಂಟೆಗೆ. ಪ್ರೌಢಶಾಲೆಯ ಮಕ್ಕಳನ್ನು ಕರೆದೊಯ್ಯುವವರು ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋಗುವುದು ಒಳ್ಳೆಯದು. ಆ ದಿನಗಳಲ್ಲಿ ಎಂಟಕ್ಕಿಂತ ಹೆಚ್ಚು ಜನರನ್ನು ಸೇರಿಸಿಕೊಳ್ಳುವುದಿಲ್ಲವೆಂದು ಹೋಂಸ್ಟೇಯ ಮಾಲೀಕರು ತಿಳಿಸಿದ್ದಾರೆ.