ಪೀನಟ್ಸ್ 1999-2000 ಸಂಪುಟ: ಮೊದಲು ಹಿಂದಿನಿಂದ ಓದಿ

ಪೀನಟ್ಸ್ ಅನ್ನೋ ಅಮೆರಿಕದ ಪೇಪರ್ ಕಾಮಿಕ್ಸ್‌ನ ಸ್ಟ್ರಿಪ್‌ಗಳನ್ನ (ಸಾಲು ಚಿತ್ರಗಳನ್ನ) ಒಟ್ಟು ಸೇರಿಸಿರೋ ದ ಕಂಪ್ಲೀಟ್ ಪೀನಟ್ಸ್ ಸೀರೀಸ್‌ನ 25ನೇ ಸಂಪುಟ ಓದಿ ಮುಗಿಸಿ ಎರಡು ದಿನ ಆಯ್ತು, ಇನ್ನೂ ಟೇಬಲ್ ಮೇಲೇ ಇದೆ, ಎತ್ತಿಡೋಕೆ ಮನಸ್ಸಾಗ್ತಿಲ್ಲ. ಚಾರ್ಲ್ಸ್ ಶುಲ್ಜ್ ಬಿಡಿಸಿದ ಕೊನೇ ಸ್ಟ್ರಿಪ್‌ಗಳು ಇದರಲ್ಲಿವೆ. ಜೊತೆಗೆ, ಪೀನಟ್ಸ್‌ಗೂ ಮುಂಚೆ 1947ರಿಂದ 1950ರ ತನಕ ಅಮೆರಿಕದ ಸೇಂಟ್ ಪಾಲ್ ಊರಿನ ಪೇಪರ್‌ಗೆ ವಾರವಾರ ಕೊಡ್ತಿದ್ದ ಲಿಲ್ ಫೋಕ್ಸ್ ಅನ್ನೋ ಕಾಮಿಕ್ಸ್ ಕೂಡ ಪುಸ್ತಕದ ಹಿಂಭಾಗದಲ್ಲಿ ಹಾಕಿದಾರೆ, ಹಾಗಾಗಿ ಒಬ್ಬ ಮನುಷ್ಯನ ಕಸುಬಿನ ಶುರು ಮತ್ತು ಕೊನೆ ಎರಡೂ ಒಂದೇ ರಟ್ಟಿನೊಳಗೆ ಸಿಗತ್ತೆ.

ನಾನು ಹೇಳೋದು, ಲಿಲ್ ಫೋಕ್ಸ್ ಮೊದ್ಲು ಓದ್ಕೊಳ್ಳಿ. ಪೀನಟ್ಸ್‌ನ ಮುಖ್ಯ ಹುಡುಗ ಚಾರ್ಲಿ ಬ್ರೌನ್‌ನ ಹೆಸರು ಮೊದಲು ಬಂದಿದ್ದೇ ಅಲ್ಲಿ, ಅವನ ನಾಯಿ ಸ್ನೂಪಿ ಥರದ್ದೇ ಒಂದು ನಾಯಿನೂ ಇದೆ. ಗೆರೆ ಎಷ್ಟು ಗಟ್ಟಿ, ಎಷ್ಟು ನೀಟು ಅಂತ ಗಮನ ಇಟ್ಟು ನೋಡಿ. ಆಮೇಲೆ 1999ಕ್ಕೆ ಬನ್ನಿ. ಸ್ನೂಪಿ ಗೂಡಿನ ಗೆರೆ ನೋಡಿ, ನೆಲದ ಗೆರೆ ನೋಡಿ, ಸಣ್ಣಗೆ ಅಲೆ ಅಲೆಯಾಗಿ ನಡುಗಿದೆ. ಕೈ ನಡುಕ ಶುರುವಾಗಿ ಎಷ್ಟೋ ವರ್ಷ ಆಗಿದ್ರೂ ಅಸಿಸ್ಟೆಂಟ್ ಇಟ್ಕೊಂಡು ಬಿಡಿಸ್ಲಿಲ್ಲ ಅವರು, ಸುಮಾರು 50 ವರ್ಷ, 17,897 ಸ್ಟ್ರಿಪ್, 1997ರಲ್ಲಿ ಐದು ವಾರ ಬಿಟ್ರೆ ರಜಾನೇ ಇಲ್ಲ. ಆ ನಡುಗೋ ಗೆರೆನಲ್ಲೇ ಲೂಸಿ, ಲೈನಸ್ ಅನ್ನೋ ಪಾತ್ರಗಳ ಪುಟಾಣಿ ತಮ್ಮ ರೀರನ್ ಎಷ್ಟು ಚೆನ್ನಾಗಿ ಬಂದಿದಾನೆ ಅಂದ್ರೆ, ಕೊನೇ ವರ್ಷದ ನಿಜವಾದ ಹೀರೋ ಅವನೇ ಅನ್ಸತ್ತೆ.

ಪ್ರಿಂಟ್ ಚೆನ್ನಾಗಿದೆ, ಪುಟಕ್ಕೆ ಮೂರು ದಿನದ ಸ್ಟ್ರಿಪ್, ಕಣ್ಣಿಗೆ ಸುಸ್ತಾಗಲ್ಲ. ಮುನ್ನುಡಿ ಬರಾಕ್ ಒಬಾಮಾ ಅವರದ್ದು. ನನಗೆ ಬೇಜಾರಾಗಿದ್ದು ಒಂದೇ, ಪೇಪರ್‌ನಲ್ಲಿ ಕಲರಲ್ಲಿ ಬರ್ತಿದ್ದ ಭಾನುವಾರದ ಪುಟಗಳೂ ಇಲ್ಲಿ ಬ್ಲ್ಯಾಕ್ ಅಂಡ್ ವೈಟ್. ಕಲರ್ ಬೇಕಂದ್ರೆ ಅದಕ್ಕೆ ಬೇರೆ ಸೀರೀಸೇ ತಗೋಬೇಕು.

ಇನ್ನು ಪೀನಟ್ಸ್‌ನ ಕೊನೇ ಸ್ಟ್ರಿಪ್ ಇರೋ ಪುಟ. ಕ್ಯಾನ್ಸರ್ ಅಂತ ಗೊತ್ತಾದ್ಮೇಲೆ ಶುಲ್ಜ್ 1999ರ ಡಿಸೆಂಬರ್‌ನಲ್ಲಿ ನಿವೃತ್ತಿ ಹೇಳಿದ್ರು, ಕೊನೇ ಭಾನುವಾರದ ಸ್ಟ್ರಿಪ್ 2000ದ ಫೆಬ್ರವರಿ 13ಕ್ಕೆ ಬರಬೇಕಿತ್ತು, ಅವರು ತೀರಿಹೋಗಿದ್ದು 12ರ ರಾತ್ರಿ. ಬೆಳಗ್ಗೆ ಪೇಪರ್ ತೆಗೆದವರಿಗೆ ಸ್ನೂಪಿ ಟೈಪ್‌ರೈಟರ್ ಮುಂದೆ ಕೂತಿದಾನೆ, ಓದುಗರಿಗೆ ಒಂದು ಕಾಗದ ಇದೆ, ಕಾಗದದ ಕೆಳಗೆ ಶುಲ್ಜ್ ಸಹಿ. ಆ ಪುಟದಲ್ಲಿ ನಾನು ತುಂಬಾ ಹೊತ್ತು ನಿಂತ್ಬಿಟ್ಟೆ.